ಇಂದಿನ ಧಮ್ಮ ಚಿಂತನೆ: ಅಭಿಮಾನ ಹುಟ್ಟುವುದು ಎಲ್ಲಿ?

 

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದತ್ತ ಜನಸಾಗರವೇ ಹರಿಯಿತು. ಅವರಲ್ಲಿ ಬಹಳ ಮಂದಿ ಅಪ್ಪುವನ್ನು ಒಮ್ಮೆಯೂ ಎದುರಿಗೆ ಕಂಡವರಲ್ಲ. ಆದರೂ ಮನೆಮಗನೇ ಹೋದಂತೆ ಅತ್ತರು. ಇದನ್ನು ಹುಚ್ಚು ಎಂದು ನಗುವವರಿದ್ದಾರೆ. ಆದರೆ ಆ ದುಃಖ ಸುಳ್ಳಲ್ಲ. ದುಃಖ ಕಂಡಲ್ಲಿ ಅದರ ಕಾರಣ ಹುಡುಕುವುದು ಬುದ್ಧರು ನಮಗೆ ಕಲಿಸಿದ ಕ್ರಮ.

ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ 1956ರಲ್ಲೇ ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಇದರ ಬಗ್ಗೆ ಬರೆದರು. ರೇಡಿಯೋ, ಟಿವಿಯಲ್ಲಿ ಬರುವವರು ನಮ್ಮೊಡನೆಯೇ ಮಾತಾಡುವಂತೆ ಮಾತಾಡುತ್ತಾರೆ. ಮತ್ತೆ ಮತ್ತೆ ಬರುತ್ತಾರೆ. ಬರುಬರುತ್ತಾ ಪರಿಚಯದವರೇ ಅನ್ನಿಸುತ್ತಾರೆ. ಅವರಿಗೆ ಮಾತ್ರ ನಾವು ಗೊತ್ತೇ ಇಲ್ಲ! ಈಗ ಮೊಬೈಲ್ ಬಂದು ಆ ಮುಖ ನಮ್ಮ ದಿಂಬಿನ ಪಕ್ಕಕ್ಕೇ ಬಂದಿದೆ.

ಪ್ರತೀತ್ಯ ಸಮುತ್ಪಾದದಲ್ಲಿ ಇದನ್ನಿಟ್ಟು ನೋಡಿ. ಕಣ್ಣಿಗೆ ರೂಪದ ಸ್ಪರ್ಶ, ಹಿತವಾದ ವೇದನೆ, ಇನ್ನೂ ಬೇಕೆಂಬ ತೃಷ್ಣೆ, ಕೊನೆಗೆ 'ಇವನು ನಮ್ಮವನು' ಎಂದು ಬಿಗಿಯಾಗಿ ಹಿಡಿಯುವ ಉಪಾದಾನ. ಇಲ್ಲಿಗೆ ಬಂದ ಮೇಲೆ ಇನ್ನೊಬ್ಬ ನಟನ ಅಭಿಮಾನಿ ಶತ್ರುವಾಗುತ್ತಾನೆ. ಊರಿನಲ್ಲಿ ಯಾರೂ ಮರ್ಯಾದೆಯಿಂದ ಮಾತಾಡಿಸದ ನಮ್ಮ ಕೇರಿಯ ಹುಡುಗನಿಗೆ ಅಭಿಮಾನಿ ಸಂಘದಲ್ಲಿ ಒಂದು ಹೆಸರು, ಫ್ಲೆಕ್ಸ್‌ನಲ್ಲಿ ಒಂದು ಫೋಟೋ ಸಿಗುತ್ತದೆ. ಅವನನ್ನು ಬೈಯುವ ಮೊದಲು, ನಮ್ಮ ವಿಹಾರದಲ್ಲಿ ಅವನಿಗೆ ಯಾವ ಜಾಗ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಅಭಿಮಾನವೆಲ್ಲ ಕೆಟ್ಟದ್ದೇ? ಹಾಗೆ ಹೇಳಲಾಗದು. ಪುನೀತ್ ಅವರ ನೇತ್ರದಾನದ ನಂತರ ಎಷ್ಟೋ ಜನ ತಾವೂ ಕಣ್ಣು ಕೊಡುವುದಾಗಿ ಹೆಸರು ಬರೆಸಿದರು. ಅಲ್ಲಿ ಪ್ರೀತಿ ಆ ವ್ಯಕ್ತಿಯಲ್ಲೇ ನಿಲ್ಲದೆ ದಾನವಾಗಿ ಮುಂದಕ್ಕೆ ಹರಿಯಿತು.

ವಕ್ಕಲಿ ಎಂಬ ಭಿಕ್ಖು ರಾಜಗೃಹದಲ್ಲಿ ಕಾಯಿಲೆ ಮಲಗಿದ್ದರು. ಬಹಳ ದಿನದಿಂದ ಭಗವಾನರನ್ನು ನೋಡುವ ಆಸೆ, ಎದ್ದು ಬರಲು ಶಕ್ತಿಯಿಲ್ಲ ಎಂದು ಕೊರಗುತ್ತಿದ್ದರು. ಬುದ್ಧರೇ ಅವರಿದ್ದಲ್ಲಿಗೆ ಹೋದರು. ಕೊಳೆತು ಹೋಗುವ ಈ ದೇಹದಲ್ಲಿ ನೋಡುವುದೇನಿದೆ, ಧಮ್ಮವನ್ನು ಕಂಡವನೇ ನನ್ನನ್ನು ಕಂಡವನು ಎಂಬರ್ಥದ ಮಾತು ಹೇಳಿದರು. ಗಮನಿಸಿ, ಬೈಯಲಿಲ್ಲ. ಮೊದಲು ಬಳಿಗೆ ಹೋಗಿ ಆರೋಗ್ಯ ವಿಚಾರಿಸಿದರು.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಭಕ್ತಿ ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂದು ಎಚ್ಚರಿಸಿದರು. ಆ ಎಚ್ಚರಿಕೆಯಿಂದ ತಮ್ಮನ್ನೇನೂ ಹೊರಗಿಟ್ಟುಕೊಳ್ಳಲಿಲ್ಲ. ಏಪ್ರಿಲ್ 14ರಂದು ಅವರ ಪ್ರತಿಮೆಗೆ ಹಾಲೆರೆದು ಡಿಜೆ ಹಾಕಿ ಕುಣಿದು, 'ಬುದ್ಧ ಮತ್ತು ಆತನ ಧಮ್ಮ'ವನ್ನು ಬೀರುವಿನಲ್ಲೇ ಬಿಟ್ಟರೆ, ನಮಗೂ ಕಟೌಟ್‌ಗೆ ಹಾಲೆರೆಯುವವರಿಗೂ ಏನು ವ್ಯತ್ಯಾಸ?

ಈ ಭಾನುವಾರದ ಓದಿಗೆ ಅದೇ ಭಾಷಣ. ಮನೆಯ ಹುಡುಗರನ್ನೂ ಕರೆತನ್ನಿ. ಅವರಿಗೆ ಯಾವ ನಟ ಇಷ್ಟ, ಯಾಕೆ ಇಷ್ಟ ಎಂಬಲ್ಲಿಂದಲೇ ಮಾತು ಶುರುಮಾಡೋಣ.