ಗಂಟೆಯ ಲೆಕ್ಕ, ಗದರಿಕೆಯ ಮಾತು

ಮುಂಬೈನ ಫೋರ್ಟ್ ಪ್ರದೇಶದ ದೊಡ್ಡ ವಕೀಲಿ ಸಂಸ್ಥೆಯಲ್ಲಿರುವ ನೀವು, ನಡುರಾತ್ರಿ ಪಾರ್ಟ್‌ನರ್ ಕಳಿಸುವ ಕಟು ಸಂದೇಶಗಳಿಗೆ ಕುಗ್ಗುವುದು ನಿಮ್ಮದೇ ದೌರ್ಬಲ್ಯ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬಿಲ್ ಮಾಡುವ ಕಡೆ, ಕಿರಿಯರನ್ನು ಕೂರಿಸಿ ಕಲಿಸುವ ಹೊತ್ತಿಗೆ ಹಣ ಕೊಡುವವರಿಲ್ಲ. ಗದರಿಕೆ ಬೇಗ ಮುಗಿಯುತ್ತದೆ. ಗಂಟೆಗಳ ಒತ್ತಡವೂ ಬೆಳೆದಿದೆ: 1958ರಲ್ಲಿ ಅಮೆರಿಕದ ವಕೀಲರ ಸಂಘ ಸಮಯದ ದಾಖಲೆ ಇಡಲು ಹೇಳಿದಾಗ ವರ್ಷಕ್ಕೆ ಸುಮಾರು 1,300 ಗಂಟೆಗಳ ಬಿಲ್ ಸಾಧ್ಯವೆಂದು ಅಂದಾಜಿಸಿತ್ತು. ಇಂದು ಅಲ್ಲಿನ ದೊಡ್ಡ ಸಂಸ್ಥೆಗಳ ಗುರಿ 2,000ದ ಆಸುಪಾಸು. 2016ರಲ್ಲಿ ಅಲ್ಲೇ ಪ್ರಕಟವಾದ ಸುಮಾರು 13,000 ವಕೀಲರ ಅಧ್ಯಯನದಲ್ಲಿ ಶೇ 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ಇಷ್ಟು ಜನ ಒಟ್ಟಿಗೇ ದುರ್ಬಲರಾಗಿರಲಾರರು.

ಕೋರ್ಟಿನ ಗಡುವು ಕಾಯುವುದಿಲ್ಲ, ಹಿರಿಯರೂ ಹೀಗೇ ಪಳಗಿದರು ಎನ್ನುವವರಿದ್ದಾರೆ. ಗಡುವು ನಿಜ, ಅದಕ್ಕೆ ಬೇಕಾದದ್ದು ಸ್ಪಷ್ಟ ಸೂಚನೆ. ಅವಮಾನಗೊಂಡವರು ಮತ್ತೆ ಪ್ರಶ್ನೆ ಕೇಳುವುದಿಲ್ಲ, ಅರ್ಜಿಯ ತಪ್ಪು ಅರ್ಜಿಯಲ್ಲೇ ಉಳಿದು ನ್ಯಾಯಮೂರ್ತಿಗಳ ಮುಂದೆ ಹೋಗುತ್ತದೆ. ಕಾನೂನಿನ ಆಸರೆಯನ್ನು ಮಾತ್ರ ಹೆಚ್ಚು ನಂಬಬೇಡಿ: ದುಡಿಮೆಯ ಗಂಟೆಗೆ ಮಿತಿ ಹಾಕುವ ಅಂಗಡಿ ಕಾಯ್ದೆಗಳು ರಾಜ್ಯಕ್ಕೊಂದು, ಆದರೆ ಕೇರಳದ ಕಾಯ್ದೆಯಡಿ ವಕೀಲರ ಕಚೇರಿ ವಾಣಿಜ್ಯ ಸಂಸ್ಥೆಯಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ಆದ್ದರಿಂದ ಸಂದೇಶಗಳನ್ನು ಉಳಿಸಿಕೊಳ್ಳಿ, ದುಡಿದ ಗಂಟೆ ಮತ್ತು ಬಿಲ್ಲಾದ ಗಂಟೆಗಳನ್ನು ಬೇರೆಬೇರೆ ಬರೆದಿಡಿ, ಅವನ್ನು ಹಿಡಿದು ಇನ್ನೊಬ್ಬ ಹಿರಿಯ ಪಾರ್ಟ್‌ನರ್ ಬಳಿ ಮಾತಾಡಿ. ಅಲ್ಲೂ ಕಿವಿಗೊಡದಿದ್ದರೆ ಸಂಸ್ಥೆ ಬದಲಿಸುವುದು ಸೋಲಲ್ಲ. ನಿದ್ದೆ ಕೆಟ್ಟಿದ್ದರೆ ಇಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.