ಒಂಟಿ ಎಲೆಕ್ಟ್ರಾನಿನ ಕಾಂತ ಮಹತ್ವ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ರೈತರ ಮನೆಗಳಲ್ಲಿ ಮೈಲುತುತ್ತದ ಹೆಸರು ಕೇಳದವರು ವಿರಳ. ಸುಣ್ಣದೊಡನೆ ನೀರಿನಲ್ಲಿ ಬೆರೆಸಿ ಗಿಡಗಳ ಬೂಷ್ಟು ರೋಗಕ್ಕೆ ಸಿಂಪಡಿಸುವ ನೀಲಿ ಹರಳು ಅದು, ತಾಮ್ರದ ಸಲ್ಫೇಟು. ಭೂಮಿಯಲ್ಲಿ ಸತುವಿನ ಕೊರತೆಯಿದ್ದರೆ ಹಾಕುವ ಬಿಳಿಯ ಸತುವಿನ ಸಲ್ಫೇಟೂ ನಮಗೆ ಪರಿಚಿತವೇ. ತಾಮ್ರದ ಪರಮಾಣು ಸಂಖ್ಯೆ 29, ಸತುವಿನದು 30. ಆವರ್ತ ಕೋಷ್ಟಕದಲ್ಲಿ ಇವು ಅಕ್ಕಪಕ್ಕದ ಮನೆಯವು. ಆದರೂ ಬಲವಾದ ಅಯಸ್ಕಾಂತದ ಬಳಿ ಮೊದಲನೆಯದು ಒಳಕ್ಕೆ ಎಳೆಯಲ್ಪಡುತ್ತದೆ, ಎರಡನೆಯದು ತುಸು ಹೊರಕ್ಕೆ ತಳ್ಳಲ್ಪಡುತ್ತದೆ. ಇದಕ್ಕೆ ಕಾರಣವೇನು?

ಎಲೆಕ್ಟ್ರಾನಿಗೆ ಸ್ಪಿನ್, ಅಂದರೆ ಗಿರಕಿ ಎಂಬ ಗುಣವಿದೆ. ಇದರಿಂದ ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಒಂದೇ ಕಕ್ಷಕದಲ್ಲಿ ಎರಡು ಎಲೆಕ್ಟ್ರಾನುಗಳು ಜೋಡಿಯಾದಾಗ ಅವುಗಳ ಗಿರಕಿ ಪರಸ್ಪರ ವಿರುದ್ಧವಾಗಿರುವುದರಿಂದ ಕಾಂತ ಪರಿಣಾಮ ರದ್ದಾಗುತ್ತದೆ. ಜೋಡಿಯಿಲ್ಲದೆ ಉಳಿದ ಒಂಟಿ ಎಲೆಕ್ಟ್ರಾನಿನ ಪರಿಣಾಮ ಮಾತ್ರ ಉಳಿಯುತ್ತದೆ. ಅದರ ಅಳತೆಯೇ ಕಾಂತ ಮಹತ್ವ. ಇದನ್ನು ಮ್ಯಾಗ್ನೆಟಿಕ್ ಮೊಮೆಂಟ್ ಎಂದೂ ಕರೆಯುವರು. ಇದರ ಮಾನ ಬೋರ್ ಮ್ಯಾಗ್ನೆಟಾನ್, ಬೆಲೆ 9.274 × 10⁻²⁴ ಜೂಲ್ ಪ್ರತಿ ಟೆಸ್ಲಾ.

ಸೂತ್ರ

ಒಂಟಿ ಎಲೆಕ್ಟ್ರಾನುಗಳ ಸಂಖ್ಯೆ 'ನ' ಆಗಿರಲಿ. ಆಗ

ಕಾಂತ ಮಹತ್ವ = √[ನ × (ನ + 2)] ಬೋರ್ ಮ್ಯಾಗ್ನೆಟಾನ್

ಉದಾಹರಣೆ 1: ಟೈಟಾನಿಯಮ್ ಅಯಾನು, ಧನ ವಿದ್ಯುದಂಶ 3

ಟೈಟಾನಿಯಮ್‌ನ ಪರಮಾಣು ಸಂಖ್ಯೆ 22. ಆರ್ಗಾನ್‌ನ 18 ಎಲೆಕ್ಟ್ರಾನುಗಳನ್ನು ಬಿಟ್ಟರೆ ಹೊರಗೆ ಉಳಿಯುವುದು 3ಡಿ²4ಎಸ್². ಅಯಾನು ಆಗುವಾಗ ಮೂರು ಎಲೆಕ್ಟ್ರಾನುಗಳು ಹೋಗಬೇಕು. ಮೊದಲು ಹೋಗುವುವು 4ಎಸ್‌ನ ಎರಡು, ಆಮೇಲೆ 3ಡಿಯಿಂದ ಒಂದು. ಉಳಿಯುವುದು 3ಡಿ¹. ಆದ್ದರಿಂದ ನ = 1.

ಕಾಂತ ಮಹತ್ವ = √(1 × 3) = √3 = 1.73 ಬೋರ್ ಮ್ಯಾಗ್ನೆಟಾನ್.

ಉದಾಹರಣೆ 2: ಮೈಲುತುತ್ತದ ತಾಮ್ರ, ಧನ ವಿದ್ಯುದಂಶ 2

ತಾಮ್ರದ ಹೊರ ವಿನ್ಯಾಸ 3ಡಿ¹⁰4ಎಸ್¹. ಎರಡು ಹೋದ ಮೇಲೆ 3ಡಿ⁹. ಇಲ್ಲಿ ಅವಸರ ಮಾಡಿ ನ = 9 ಎಂದು ಬರೆದರೆ 9.95 ಎಂಬ ಉತ್ತರ ಬಂದುಬಿಡುತ್ತದೆ, ಅದು ತಪ್ಪು. ಐದು ಕಕ್ಷಕಗಳಲ್ಲಿ ಒಂಬತ್ತನ್ನು ತುಂಬಿ ನೋಡಿರಿ. ನಾಲ್ಕು ಜೋಡಿಯಾಗಿ ಒಂದೇ ಒಂಟಿಯಾಗಿ ಉಳಿಯುತ್ತದೆ. ಪುನಃ ನ = 1, ಉತ್ತರ 1.73.

ಸತುವಿನ ಅಯಾನಿನಲ್ಲಾದರೋ 3ಡಿ¹⁰. ಎಲ್ಲವೂ ಜೋಡಿ; ನ = 0, ಕಾಂತ ಮಹತ್ವವೂ ಸೊನ್ನೆ. ನೆರೆಮನೆಯವರ ನಡತೆಯಲ್ಲಿ ಅಂತರ ಬಂದದ್ದು ಈ ಒಂದು ಎಲೆಕ್ಟ್ರಾನಿನಿಂದ.

ಪರೀಕ್ಷಿಸುವುದು ಹೇಗೆ?

ಈ ಸೆಳೆತ ಬಹಳ ದುರ್ಬಲ. ಕೈಯಲ್ಲಿ ಹಿಡಿಯುವ ಸಾಮಾನ್ಯ ಅಯಸ್ಕಾಂತದಿಂದ ಕಾಣದು. ಗೂಯಿ ತಕ್ಕಡಿಯಲ್ಲಿ ಲವಣ ತುಂಬಿದ ನಳಿಕೆಯ ಕೆಳತುದಿಯನ್ನು ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗಬಿಡುತ್ತಾರೆ. ವಿದ್ಯುತ್ ಹರಿಸಿದಾಗ ತಾಮ್ರದ ಲವಣ ಕೊಂಚ ಹೆಚ್ಚು ತೂಗುತ್ತದೆ, ಸತುವಿನ ಲವಣ ಕೊಂಚ ಕಡಿಮೆ. ನಮ್ಮ ದೇಶದಲ್ಲಿಯೂ ಶಾಂತಿಸ್ವರೂಪ ಭಟ್ನಾಗರ್ ಮತ್ತು ಕೆ. ಎನ್. ಮಾಥುರ್ ಅವರು 1928ರಲ್ಲಿ ಇಂಥ ಅಳತೆಗೆ ಸೂಕ್ಷ್ಮವಾದ ತಕ್ಕಡಿಯೊಂದನ್ನು ರಚಿಸಿದರು.

ಅಳೆದಾಗ ಟೈಟಾನಿಯಮ್ ಅಯಾನಿಗೆ ಸುಮಾರು 1.75 ಬರುತ್ತದೆ. ತಾಮ್ರಕ್ಕೆ ಸಾಮಾನ್ಯವಾಗಿ 1.8ರಿಂದ 2.2. ಸೂತ್ರ ಗಿರಕಿಯನ್ನಷ್ಟೇ ಎಣಿಸುತ್ತದೆ. ಎಲೆಕ್ಟ್ರಾನಿನ ಕಕ್ಷೀಯ ಚಲನೆಯ ಪಾಲು ಅದರಲ್ಲಿ ಸೇರಿಲ್ಲ. ಆದರೂ ಒಂಟಿ ಎಲೆಕ್ಟ್ರಾನ್ ಎರಡಿದ್ದರೆ 2.83 ಬರಬೇಕಾದ್ದರಿಂದ, ಇರುವುದು ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ತಕ್ಕಡಿಯಿಂದ ಎಣಿಸಿದಂತಾಯಿತು!

ಅಭ್ಯಾಸಕ್ಕೆ

1. ವನೇಡಿಯಮ್ (23), ಧನ ವಿದ್ಯುದಂಶ 4.
2. ಮ್ಯಾಂಗನೀಸ್ (25), ಧನ ವಿದ್ಯುದಂಶ 2.
3. ಕಬ್ಬಿಣ (26), ಧನ ವಿದ್ಯುದಂಶ 3.

ಉತ್ತರಗಳು: 1.73, 5.92, 5.92. ಕೊನೆಯ ಎರಡು ಸಮನಾಗಿರುವುದೇಕೆಂದು ನೀವೇ ಯೋಚಿಸಿರಿ.

ಮೈಲುತುತ್ತ ವಿಷ, ಮಕ್ಕಳು ಅದನ್ನು ಮುಟ್ಟಬಾರದು. ಪೋಷಕರಲ್ಲಿ ಒಂದು ಮಾತು: ಕನ್ನಡದಲ್ಲಿ ಓದಿದ ಮಕ್ಕಳು ಮುಂದೆ ಕಾಲೇಜಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಓದಬೇಕಾದೀತು. ಆಗ ಹೆಸರುಗಳು ಬದಲಾಗುತ್ತವೆ, ಲೆಕ್ಕ ಬದಲಾಗದು. ಕಾರಣವನ್ನು ತಾಯ್ನುಡಿಯಲ್ಲಿ ಅರಿತವರಿಗೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ.