ಟೆಸ್ಟ್ ಸೂಟ್ ನಿಧಾನವೇ? ಮೊದಲು ಅಳೆಯಿರಿ, ಆಮೇಲೆ ಸರಿಪಡಿಸಿ

ಕೋಡ್‌ನಲ್ಲಿ ಒಂದು ಸಾಲು ಬದಲಿಸಿ, ಟೆಸ್ಟ್‌ಗಳೆಲ್ಲ ಪಾಸಾದವೇ ಎಂದು ತಿಳಿಯಲು 20 ನಿಮಿಷ ಕಾಯಬೇಕಾದರೆ ಡೆವಲಪರ್‌ಗಳು ಟೆಸ್ಟ್ ಓಡಿಸುವುದನ್ನೇ ಕಡಿಮೆ ಮಾಡುತ್ತಾರೆ. ಹತ್ತಾರು ಬದಲಾವಣೆಗಳು ಸೇರಿದ ಮೇಲೆ ಒಂದು ಟೆಸ್ಟ್ ಫೇಲಾದರೆ, ತಪ್ಪು ಎಲ್ಲಿ ನುಸುಳಿತೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಹಾಗೆಂದು ಆತುರದಲ್ಲಿ ಟೆಸ್ಟ್ ಕಿತ್ತುಹಾಕುವುದಾಗಲಿ, ದುಬಾರಿ ಸರ್ವರ್ ಕೊಳ್ಳುವುದಾಗಲಿ ಪರಿಹಾರವಲ್ಲ. ಸಮಯ ಎಲ್ಲಿ ಸೋರುತ್ತಿದೆ ಎಂದು ಮೊದಲು ಅಳೆಯಬೇಕು. ಪೈಥಾನ್ ಭಾಷೆಯ ‘ಪೈಟೆಸ್ಟ್’ ಬಳಸುವವರಿಗೆ ಅದರ ಕ್ರಮ ಇಲ್ಲಿದೆ.

1. ಒಟ್ಟು ಸಮಯ ಬರೆದಿಡಿ

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಟೆಸ್ಟ್ ಓಡಿಸುವ ಕಮಾಂಡ್‌ನ ಆರಂಭದಲ್ಲಿ ‘ಟೈಮ್’ ಸೇರಿಸಿ. ‘ರಿಯಲ್’ ಎಂದರೆ ಗಡಿಯಾರದ ಸಮಯ. ‘ಯೂಸರ್’ ಮತ್ತು ‘ಸಿಸ್’ ಎಂದರೆ ಪ್ರೊಸೆಸರ್ ದುಡಿದ ಸಮಯ. ರಿಯಲ್ ಉಳಿದೆರಡರ ಮೊತ್ತಕ್ಕಿಂತ ತುಂಬಾ ಹೆಚ್ಚಿದ್ದರೆ ಟೆಸ್ಟ್‌ಗಳು ಯಾವುದಕ್ಕೋ ಕಾಯುತ್ತಿವೆ ಎಂದರ್ಥ: ಡೇಟಾಬೇಸ್, ನೆಟ್‌ವರ್ಕ್ ಅಥವಾ ಕೋಡ್‌ನಲ್ಲೇ ಬರೆದ ‘ಸ್ಲೀಪ್’. ಹೆಚ್ಚುಕಡಿಮೆ ಸಮವಾಗಿದ್ದರೆ ಪ್ರೊಸೆಸರಿಗೇ ಕೆಲಸ ಜಾಸ್ತಿ. ಮೂರು ಸಲ ಓಡಿಸಿ ನಡುವಿನ ಅಂಕಿ ಇಟ್ಟುಕೊಳ್ಳಿ.

2. ಶುರುವಾಗುವ ಮುಂಚಿನ ಸಮಯ ನೋಡಿ

‘ಕಲೆಕ್ಟ್-ಓನ್ಲಿ’ ಆಯ್ಕೆ ಕೊಟ್ಟರೆ ಪೈಟೆಸ್ಟ್ ಟೆಸ್ಟ್‌ಗಳನ್ನು ಹುಡುಕಿ ಪಟ್ಟಿ ಮಾಡುತ್ತದೆ, ಓಡಿಸುವುದಿಲ್ಲ. ಇಷ್ಟಕ್ಕೇ ಹಲವು ಸೆಕೆಂಡ್ ಹಿಡಿದರೆ ಭಾರೀ ಲೈಬ್ರರಿಯೊಂದು ಇಂಪೋರ್ಟ್ ಆಗುತ್ತಿರಬಹುದು. ಪೈಥಾನ್ 3.7ರಿಂದ ಲಭ್ಯವಿರುವ ‘ಇಂಪೋರ್ಟ್‌ಟೈಮ್’ ಆಯ್ಕೆ ಪ್ರತಿ ಇಂಪೋರ್ಟಿಗೂ ತಗಲಿದ ಸಮಯ ತೋರಿಸುತ್ತದೆ.

3. ನಿಧಾನದ ಟೆಸ್ಟ್‌ಗಳನ್ನು ಪಟ್ಟಿ ಮಾಡಿ

‘--ಡ್ಯುರೇಶನ್ಸ್=20’ ಎಂದು ಸೇರಿಸಿದರೆ ಅತಿ ಹೆಚ್ಚು ಸಮಯ ತಿಂದ 20 ನಮೂದುಗಳು ಕೊನೆಯಲ್ಲಿ ಬರುತ್ತವೆ. ಪ್ರತಿ ಸಾಲಿನಲ್ಲೂ ‘ಸೆಟಪ್’, ‘ಕಾಲ್’, ‘ಟಿಯರ್‌ಡೌನ್’ ಇವುಗಳಲ್ಲೊಂದು ಇರುತ್ತದೆ. ಇದನ್ನು ಗಮನವಿಟ್ಟು ಓದಿ. ‘ಕಾಲ್’ ನಿಧಾನವಿದ್ದರೆ ತೊಂದರೆ ಟೆಸ್ಟ್‌ನಲ್ಲಿ ಅಥವಾ ಅದು ಕರೆಯುವ ಕೋಡ್‌ನಲ್ಲಿದೆ. ‘ಸೆಟಪ್’ ಸಾಲುಗಳೇ ತುಂಬಿದ್ದರೆ ಸಮಯವೆಲ್ಲ ಟೆಸ್ಟ್‌ಗೆ ಮುಂಚಿನ ತಯಾರಿಗೇ ಹೋಗುತ್ತಿದೆ.

4. ಪ್ರೊಫೈಲರ್ ಹಚ್ಚಿ

ಪಟ್ಟಿಯ ಮೇಲ್ತುದಿಯ ಒಂದು ಫೈಲನ್ನು ಮಾತ್ರ ಪೈಥಾನ್ ಜತೆಗೇ ಬರುವ ‘ಸಿಪ್ರೊಫೈಲ್’ ಮೂಲಕ ಓಡಿಸಿ. ಫಲಿತಾಂಶದಲ್ಲಿ ‘ಟಾಟ್‌ಟೈಮ್’ ಎಂದರೆ ಆ ಫಂಕ್ಷನ್ ಸ್ವತಃ ಬಳಸಿದ ಸಮಯ. ‘ಕ್ಯೂಮ್‌ಟೈಮ್’ನಲ್ಲಿ ಅದು ಕರೆದ ಫಂಕ್ಷನ್‌ಗಳ ಸಮಯವೂ ಸೇರಿರುತ್ತದೆ. ಪ್ರತಿ ಕರೆಯನ್ನೂ ಲೆಕ್ಕವಿಡುವುದರಿಂದ ಸಿಪ್ರೊಫೈಲ್ ಓಟವನ್ನೇ ನಿಧಾನಗೊಳಿಸುತ್ತದೆ. ಆದ್ದರಿಂದ ಅದರ ಸೆಕೆಂಡುಗಳನ್ನು ಹೋಲಿಕೆಗಷ್ಟೇ ಬಳಸಿ. ದೀರ್ಘ ಓಟಕ್ಕೆ, ಆಗಾಗ ಇಣುಕಿ ಸ್ಯಾಂಪಲ್ ತೆಗೆಯುವ ‘ಪೈ-ಸ್ಪೈ’ ಹಗುರ. ಅದು ಬಿಡಿಸುವ ಫ್ಲೇಮ್ ಗ್ರಾಫ್‌ನಲ್ಲಿ ಪಟ್ಟಿ ಅಗಲವಾದಷ್ಟೂ ಸಮಯ ಹೆಚ್ಚು. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ಈ ಚಿತ್ರವನ್ನು ಒಮ್ಮೆ ಓದಲು ಕಲಿತರೆ ಯಾವ ಭಾಷೆಯ ಕೋಡ್‌ಗೂ ಉಪಯೋಗಕ್ಕೆ ಬರುತ್ತದೆ.

5. ಒಂದೊಂದಾಗಿ ಸರಿಪಡಿಸಿ

ಜ್ಯಾಂಗೋ ಬಳಸುವವರಿಗೆ ಪ್ರೊಫೈಲರ್ ತೋರಿಸುವ ಸಾಮಾನ್ಯ ಕಾರಣ ಪಾಸ್‌ವರ್ಡ್. ಕಳ್ಳರ ಕೈಗೆ ಸಿಕ್ಕರೂ ಒಡೆಯಲು ಕಷ್ಟವಾಗಲೆಂದು ಜ್ಯಾಂಗೋ 5.2 ಪ್ರತಿ ಪಾಸ್‌ವರ್ಡನ್ನು 10 ಲಕ್ಷ ಸುತ್ತು ಹ್ಯಾಶ್ ಮಾಡುತ್ತದೆ. ಪ್ರತಿ ಟೆಸ್ಟ್‌ನ ಸೆಟಪ್‌ನಲ್ಲೂ ಹೊಸ ಬಳಕೆದಾರನನ್ನು ಸೃಷ್ಟಿಸಿದರೆ ಪ್ರತಿ ಸಲವೂ ಅಷ್ಟೇ ಸುತ್ತು. ಒಂದಕ್ಕೆ ಕಾಲು ಸೆಕೆಂಡ್ ಎಂದಿಟ್ಟುಕೊಂಡರೂ 400 ಟೆಸ್ಟ್‌ಗಳಿಗೆ 100 ಸೆಕೆಂಡ್ ಇದಕ್ಕೇ ಖರ್ಚು. ಟೆಸ್ಟ್ ಸೆಟ್ಟಿಂಗ್‌ನಲ್ಲಿ ಮಾತ್ರ ಹಗುರವಾದ ಎಂಡಿ5 ಹ್ಯಾಶರ್ ಹಾಕಿದರೆ ಈ ಖರ್ಚು ಬಹುಪಾಲು ಇಳಿಯುತ್ತದೆ. ಗ್ರಾಹಕರು ಬಳಸುವ ಸರ್ವರ್‌ನಲ್ಲಿ ಇದನ್ನು ಎಂದಿಗೂ ಹಾಕಬೇಡಿ.

ಇನ್ನೆರಡು ಕಡೆ ಕಣ್ಣಿಡಿ. ‘5 ಸೆಕೆಂಡ್ ಕಾಯಿ’ ಎಂಬ ಸ್ಲೀಪ್ ಬದಲು, ಬೇಕಾದ್ದು ಸಿದ್ಧವಾದ ಕೂಡಲೇ ಮುಂದುವರಿಯುವಂತೆ ಬರೆಯಿರಿ. ಪ್ರತಿ ಟೆಸ್ಟ್‌ಗೂ ಹೊಸದಾಗಿ ತಯಾರಾಗುವ ಫಿಕ್ಸ್ಚರ್ ದುಬಾರಿಯಾಗಿದ್ದರೆ ಅದರ ಸ್ಕೋಪನ್ನು ‘ಮಾಡ್ಯೂಲ್’ ಅಥವಾ ‘ಸೆಷನ್’ಗೆ ಏರಿಸಿ. ಆದರೆ ಹಂಚಿಕೊಂಡ ದತ್ತಾಂಶವನ್ನು ಯಾವುದೇ ಟೆಸ್ಟ್ ತಿದ್ದಬಾರದು. ತಿದ್ದಿದರೆ ಮುಂದಿನದು ಕಾರಣವೇ ತಿಳಿಯದಂತೆ ಫೇಲಾಗುತ್ತದೆ.

ಪ್ರತಿ ತಿದ್ದುಪಡಿಯ ನಂತರವೂ ಮೊದಲ ಹಂತದ ಅಳತೆ ಮತ್ತೆ ಮಾಡಿ. ಫಲ ಕೊಡದ ಬದಲಾವಣೆಯನ್ನು ಹಿಂತೆಗೆಯಿರಿ.

6. ಸಮಾನಾಂತರ ಓಟ ಕೊನೆಗೆ

‘ಎಕ್ಸ್‌ಡಿಸ್ಟ್’ ಪ್ಲಗಿನ್ ಟೆಸ್ಟ್‌ಗಳನ್ನು ಹಲವು ಪ್ರೊಸೆಸರ್ ಕೋರ್‌ಗಳಿಗೆ ಹಂಚುತ್ತದೆ. ಆದರೂ ಒಂದೇ ಟೆಸ್ಟ್ 3 ನಿಮಿಷ ಹಿಡಿದರೆ, ಎಷ್ಟು ಕೋರ್ ಇದ್ದರೂ ಒಟ್ಟು ಸಮಯ 3 ನಿಮಿಷಕ್ಕಿಂತ ಇಳಿಯದು. ಅದಕ್ಕೇ ಹಿಂದಿನ ಹಂತಗಳು ಮೊದಲು ಮುಗಿದಿರಬೇಕು.

7. ಮತ್ತೆ ಏರದಂತೆ ಕಾಯಿರಿ

ಡ್ಯುರೇಶನ್ಸ್ ಪಟ್ಟಿ ತಂಡದ ಪ್ರತಿ ಸ್ವಯಂಚಾಲಿತ ಓಟದಲ್ಲೂ ಬರುವಂತೆ ಸೆಟ್ಟಿಂಗ್ ಫೈಲ್‌ನಲ್ಲೇ ಹಾಕಿಡಿ. ಹೊಸ ಟೆಸ್ಟ್ ಪಟ್ಟಿಯ ಮೇಲಕ್ಕೆ ಬಂದ ದಿನವೇ ಬರೆದವರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಸರಿಹೋಗಬಹುದು. ಹಣ ಪಾವತಿಯಂಥ ಮಹತ್ವದ ಕೆಲಸ ಪರೀಕ್ಷಿಸುವ ಟೆಸ್ಟ್ ಏನು ಮಾಡಿದರೂ ನಿಧಾನವೇ ಆಗಿದ್ದರೆ ಅದನ್ನು ಅಳಿಸಬೇಡಿ. ಗುರುತು ಹಾಕಿ ರಾತ್ರಿಯ ಓಟಕ್ಕೆ ಸೇರಿಸಿ, ಬೆಳಿಗ್ಗೆ ಅದರ ಫಲಿತಾಂಶ ನೋಡುವವರು ಯಾರೆಂದು ಇಂದೇ ಗೊತ್ತುಮಾಡಿ.